ಹಳೆಯ ಬೇಸ್‌ಬಾಲ್‌ನ ‘ಸೇವ್’ ಲೆಕ್ಕ ಹಾಕಿದ ನನ್ನ ಅನುಭವ

“ಸೇವ್ ಅನ್ನೋದು ಅಧಿಕೃತ ಲೆಕ್ಕಕ್ಕೆ ಬಂದಿದ್ದೇ 1969ರಲ್ಲಿ. 1880ರ ದಶಕದ ಆಟಕ್ಕೆ ಅದನ್ನ ಎಲ್ಲಿಂದ ತರ್ತೀಯ?” ಸ್ಕೋರ್ ಕೆದಕುವ ಗೆಳೆಯರೆಲ್ಲ ಹೀಗೇ ಕೇಳಿದ್ದರು. (ತಂಡ ಮುಂದಿದ್ದಾಗ ನಡುವೆ ಬಂದ ಪಿಚರ್, ಅಂದರೆ ಚೆಂಡು ಎಸೆಯುವವನು, ಆ ಮುನ್ನಡೆಯನ್ನು ಕೊನೆವರೆಗೂ ಉಳಿಸಿದರೆ ಅವನ ಹೆಸರಿಗೆ ಬರೆಯುವುದೇ ಸೇವ್.) ಅವರಲ್ಲೇ ಇಬ್ಬರು ಈಗ ನನ್ನ ಪಟ್ಟಿ ಕೇಳಿ ತಗೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಷ್ಟ ಏನು ಅಂತ ಹೇಳ್ತೀನಿ. ಆಗ ಬೆಂಚಿನಿಂದ ಹೊಸ ಪಿಚರ್ ಬರುವಂತಿರಲಿಲ್ಲ. ಪಿಚರ್ ರೈಟ್ ಫೀಲ್ಡ್‌ಗೆ (ಮೈದಾನದ ಬಲಬದಿಗೆ) ಹೋಗುತ್ತಿದ್ದ, ಅಲ್ಲಿದ್ದವನು ಚೆಂಡು ಎಸೆಯಲು ಬರುತ್ತಿದ್ದ. ಬದಲಿಗಳಿಗೆ ದಾರಿ ಪೂರ್ತಿ ತೆರೆದಿದ್ದು 1891ರಲ್ಲಿ. ಯಾರು ಯಾರು ಪಿಚ್ ಮಾಡಿದರು ಅಂತ ಬಾಕ್ಸ್ ಸ್ಕೋರ್ (ಪತ್ರಿಕೆಯಲ್ಲಿ ಬರುವ ಆಟದ ಅಂಕಪಟ್ಟಿ) ಹೇಳುತ್ತದೆ. ಯಾವ ಇನ್ನಿಂಗ್‌ನಲ್ಲಿ ಅಂತ ಹೇಳುವುದಿಲ್ಲ.

ಮೊದಲ ವರ್ಷ ಸುಮ್ನೆ ದುಡ್ಡು ಹೋಯಿತು. ಹಳೆಯ ಪತ್ರಿಕೆಗಳ ಚಂದಾಕ್ಕೆ ಸುಮಾರು 600 ಡಾಲರ್, ಟೈಪ್ ಮಾಡಿಸಲು ಇನ್ನೂರರ ಹತ್ತಿರ. ಮಸುಕಾದ ಅಚ್ಚಿನಲ್ಲಿ 3 ಯಾವುದು 8 ಯಾವುದು ಗೊತ್ತಾಗದೆ ಅರ್ಧ ಕೆಲಸ ಮತ್ತೆ ಮಾಡಿದೆ. ಇನ್ನೊಂದು ತಪ್ಪು ನನ್ನದೇ: ಹೊರಗಿನಿಂದ ಬಂದ ತಂಡವೇ ಯಾವಾಗಲೂ ಮೊದಲು ಬ್ಯಾಟ್ ಮಾಡುತ್ತಿತ್ತು ಅಂದುಕೊಂಡಿದ್ದೆ. ಆಗ ಹಾಗಿರಲಿಲ್ಲ. ನೂರಕ್ಕೂ ಜಾಸ್ತಿ ಆಟಗಳ ಲೆಕ್ಕ ತಲೆಕೆಳಗಾಯಿತು. 1887ರಲ್ಲಂತೂ ವಾಕ್‌ಗಳನ್ನೂ (ಪಿಚರ್‌ನ ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಹೊಡೆಯದೆಯೇ ಸಿಗುವ ಮೊದಲ ಬೇಸ್) ಹಿಟ್ ಎಂದೇ ಎಣಿಸಿದ್ದರು. ಆ ಒಂದು ವರ್ಷಕ್ಕೇ ಬೇರೆ ಶೀಟ್ ಮಾಡಬೇಕಾಯಿತು.

ಕೊನೆಗೆ ಕೈಹಿಡಿದಿದ್ದು ಎದುರು ತಂಡದ ಊರಿನ ಪತ್ರಿಕೆ. ತಮ್ಮ ಪಿಚರ್ ಬದಲಾದ ಸಂಗತಿಯನ್ನು ಊರಿನವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಎದುರಿನವರು ಮಾತ್ರ “ಇವನು ಬಂದಮೇಲೆ ನಮ್ಮವರಿಗೆ ಹೊಡೆಯಲಾಗಲಿಲ್ಲ” ಅಂತ ಬ್ಯಾಟರ್ ಹೆಸರು ಸಮೇತ ಬರೆಯುತ್ತಾರೆ. ಆ ಹೆಸರನ್ನು ಬ್ಯಾಟಿಂಗ್ ಕ್ರಮಕ್ಕೆ ಹಾಕಿ ತಾಳೆ ನೋಡಬೇಕು.

1884ರ ಜುಲೈ 28ರ ಆಟವನ್ನೇ ತಗೊಳ್ಳಿ. ಫಿಲಡೆಲ್ಫಿಯಾದಲ್ಲಿ ಪ್ರಾವಿಡೆನ್ಸ್ ಪರ ಸೈಕ್ಲೋನ್ ಮಿಲ್ಲರ್ ಐದು ಇನ್ನಿಂಗ್ ಹಾಕಿ 4 ರನ್ ಕೊಟ್ಟಿದ್ದ. ಇನ್ನಿಂಗ್‌ಗೆ ಮೂರರಂತೆ 15 ಔಟ್, 4 ರನ್, ಅಂದರೆ ಕನಿಷ್ಠ 19 ಬ್ಯಾಟರ್ ಬಂದು ಹೋಗಿರಲೇಬೇಕು. ಒಂಬತ್ತು ಬ್ಯಾಟರ್‌ಗಳ ಎರಡು ಸುತ್ತು ಮುಗಿದು ಮೊದಲನೆಯವನ ಮೂರನೇ ಸರದಿಯೂ ಆಗಿದೆ. ಹಾಗಾಗಿ ಆ ಮೂರನೇ ಸರದಿ ಹೊಸ ಪಿಚರ್ ಎದುರು ಅಂತ ಯಾರಾದರೂ ಬರೆದಿದ್ದರೆ, ಆ ವರದಿಯನ್ನು ಪಕ್ಕಕ್ಕಿಡಿ. 19ರ ಮೇಲೆ ಇನ್ನೂ ಎಷ್ಟು ಜನ ಬಂದಿರಬಹುದು ಅನ್ನೋದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ.

ನಡುವೆ ಅದೇ ತಿಂಗಳ 22ರ ಆಟದ ಹಿಂದೆ ಎರಡು ವಾರ ಅಲೆದೆ. ತಂಡ ಮುಂದಿದ್ದಾಗಲೇ ಮಿಲ್ಲರ್‌ಗೆ ಚೆಂಡು ಕೊಡು ಅಂದರೆ ಪ್ರಾವಿಡೆನ್ಸ್‌ನ ಪಿಚರ್ ಚಾರ್ಲಿ ಸ್ವೀನಿ ಒಪ್ಪದೆ ಮೈದಾನ ಬಿಟ್ಟೇ ಹೋದ. ಎಂಟೇ ಜನ ಆಡಿ ಪ್ರಾವಿಡೆನ್ಸ್ ಸೋತಿತು. ಸೇವ್ ಲೆಕ್ಕಕ್ಕೆ ಏನೂ ಸಿಗಲಿಲ್ಲ. ಆದರೂ ಆ ಎರಡು ವಾರ ನನಗೆ ತುಂಬಾ ಇಷ್ಟ.

ವಿಧಾನ ಸರಿಯಿದೆಯಾ ಅಂತ ಬಾಸ್ಟನ್‌ನ ಜ್ಯಾಕ್ ಮ್ಯಾನಿಂಗ್ ಮೇಲೆ ಪರೀಕ್ಷಿಸಿದೆ. ಆಮೇಲೆ ಲೆಕ್ಕ ಹಾಕಿದ ದಾಖಲೆಗಳಲ್ಲಿ 1876ಕ್ಕೆ ಅವನ ಹೆಸರಲ್ಲಿರುವುದು 5 ಸೇವ್. ನನಗೂ ಐದೇ ಬಂತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಜುಲೈ 28. ಮಿಲ್ಲರ್ ಹೊರಬಿದ್ದಾಗ 4–3 ಹಿಂದೆ. ಆರನೆಯದರಲ್ಲಿ ತಂಡ ನಾಲ್ಕು ರನ್ ಹೊಡೆದು 7–4 ಮುಂದೆ ಹೋದ ಮೇಲೆ ಪ್ರಾವಿಡೆನ್ಸ್‌ನ ಇನ್ನೊಬ್ಬ ಪಿಚರ್ ರಾಡ್‌ಬರ್ನ್ ಬಂದ. ನಾಲ್ಕು ಇನ್ನಿಂಗ್‌ನಲ್ಲಿ ಒಂದೂ ರನ್ ಕೊಡಲಿಲ್ಲ. ಗೆಲುವು 11–4. ಬೇಸ್‌ಬಾಲ್‌ನಲ್ಲಿ ಪ್ರತಿ ಗೆಲುವೂ ಒಬ್ಬ ಪಿಚರ್ ಹೆಸರಿಗೆ ಹೋಗುತ್ತದೆ; ಸ್ಕೋರರ್ ಈ ಗೆಲುವನ್ನು ಅವನಿಗೇ ಬರೆದ. ಆ ವರ್ಷ ಅವನದು 60 ಗೆಲುವಾ 59ಆ ಅನ್ನೋ ಜಗಳಕ್ಕೆ ಮೂಲ ಈ ಒಂದೇ ಆಟ. ಇವತ್ತಿನ ನಿಯಮದಲ್ಲಿ, ತಂಡ ಮುಂದೆ ಹೋಗುವವರೆಗೆ ಪಿಚರ್ ಅವನೇ ಆಗಿದ್ದರಿಂದ, ಗೆಲುವು ಮಿಲ್ಲರ್‌ಗೆ. ರಾಡ್‌ಬರ್ನ್ ಮೂರು ಇನ್ನಿಂಗ್ ದಾಟಿದ್ದರಿಂದ ಸೇವ್ ಅವನಿಗೆ. ನನ್ನ ಪಟ್ಟಿಯಲ್ಲಿ 59 ಅಂತಲೇ ಬರೆದಿದ್ದೇನೆ.