ಅಡಕತ್ತರಿ ಕ್ಲಾಸಿಗೆ ಬಂದಾಗ

ನಾನು ತೀರ್ಥಹಳ್ಳಿ ಕಡೆ ಒಂದು ಸಣ್ಣ ಶಾಲೇಲಿ ವಿಜ್ಞಾನ ಪಾಠ ಮಾಡ್ತೀನಿ. ಮೊದಲನೇ ವರ್ಷ ಬೋರ್ಡ್ ಮೇಲೆ ಸನ್ನೆ (ಲಿವರ್), ರಾಟೆ, ಗಾಲಿ-ಅಚ್ಚು, ಇಳಿಜಾರು, ಬೆಣೆ, ತಿರುಪು ಅಂತ ಆರೂ ಸರಳ ಯಂತ್ರದ ಹೆಸರು ಬರೆಸಿದೆ, ಮಕ್ಕಳು ಗಿಣಿಪಾಠ ಒಪ್ಪಿಸಿದ್ರು, ಆದ್ರೆ ಮೂಲೇಲಿದ್ದ ಹಾರೆ ತೋರಿಸಿ ಇದೇನ್ರೋ ಅಂದ್ರೆ "ಹಾರೆ ಸಾರ್" ಅಂದು ಸುಮ್ನಾದ್ರು.

ಮರುವರ್ಷ ಹೆಸರೇ ಎತ್ತಲಿಲ್ಲ. ಮನೆಯಿಂದ ಒಂದೊಂದು ಸಾಮಾನು ತನ್ನಿ ಅಂದೆ (ಕತ್ತಿಗಿತ್ತಿ ಬೇಡ ಅಂದಿದ್ರೂ ಒಬ್ಬ ಮೆಟ್ಟುಗತ್ತಿ ಹೊತ್ಕೊಂಡೇ ಬಂದ, ಬೆಣೆಗೆ ಅದೇ ಆಯ್ತು). ಕೇಳಿದ್ದು ಮೂರೇ: ಯಾವ ಜಾಗ ಅಲ್ಲಾಡಲ್ಲ, ಕೈ ಎಲ್ಲಿ ಒತ್ತುತ್ತೆ, ಕೆಲಸ ಎಲ್ಲಿ ಆಗುತ್ತೆ?

ಅಡಕತ್ತರೀಲಿ ಕೀಲು ಒಂದು ತುದಿ, ಕೈ ಇನ್ನೊಂದು ತುದಿ, ಅಡಿಕೆ ನಡುವೆ. ಕೀಲಿನ ಹತ್ರ ಇಟ್ರೆ ಅಡಿಕೆ ಸಲೀಸಾಗಿ ಹೋಳಾಯ್ತು, ಕೈ ಕಡೆಗೆ ಸರಿಸ್ತಾ ಹೋದಂಗೆ ಹುಡುಗ್ರ ಮುಖ ಕೆಂಪಾಯ್ತು. ಸನ್ನೆ ಅನ್ನೋ ಪದ ಆಗ ಹೇಳಿದೆ, ಯಾರೂ ಮರೀಲಿಲ್ಲ.

ಇಕ್ಕಳದಲ್ಲಿ ನಾನೇ ಸಿಕ್ಕಾಕ್ಕೊಂಡೆ. ಇಕ್ಕಳ ಅಂದ್ರೆ ಮೂರನೇ ವರ್ಗದ ಸನ್ನೆ (ಕೀಲು ಒಂದು ತುದಿ, ಕೆಲಸ ಇನ್ನೊಂದು ತುದಿ, ಕೈ ನಡುವೆ) ಅಂತ ಬಾಯಿಪಾಠದ ಮೇಲೆ ಹೇಳ್ಬಿಟ್ಟೆ, ಒಬ್ಳು ಹುಡುಗಿ ಪಾತ್ರೆ ಇಳಿಸೋ ಇಕ್ಕಳ ಎತ್ತಿ ಹಿಡಿದು "ಸಾರ್, ಇದ್ರ ಕೀಲು ಮಧ್ಯದಲ್ಲಿದೆಯಲ್ಲ" ಅಂದ್ಳು. ಹೌದು, ಕೀಲು ನಡುವೆ ಇರೋದ್ರಿಂದ ಅದು ಕತ್ತರಿ ಥರ ಮೊದಲನೇ ವರ್ಗ, ಮೂರನೇದು ಕೆಂಡ ಹಿಡಿಯೋ ಚಿಮಟ. ಸೋತೆ ಅಂತ ಒಪ್ಕೊಂಡೆ.

ಜಾಸ್ತಿ ಟೈಮ್ ತಿಂದಿದ್ದು ಬಾವಿ ರಾಟೆ. ರಾಟೆ ಇದ್ರೆ ಕೊಡ ಹಗುರ ಆಗುತ್ತೆ ಅಂತ ಎಲ್ರಿಗೂ ಗಟ್ಟಿ ನಂಬಿಕೆ. 1 ಲೀಟರ್ ನೀರಿನ ಬಾಟಲಿಯನ್ನ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ನೇರ ಎತ್ತಿಸಿದೆ, ಆಮೇಲೆ ರಾಟೆ ಮೇಲಿಂದ ಎಳೆಸಿದೆ, ಕಮ್ಮಿ ಆಗೋದಿರಲಿ, ಉಜ್ಜಾಟಕ್ಕೆ ಒಂಚೂರು ಜಾಸ್ತೀನೇ ತೋರಿಸ್ತು. ಹಂಗಾದ್ರೆ ರಾಟೆ ಯಾಕೆ? ಕೆಳಗೆ ಎಳೀವಾಗ ಮೈಭಾರ ಹಾಕ್ಬೋದಲ್ಲ, ಅದಕ್ಕೆ. ರಾಟೇನ ಬಾಟಲಿ ಜೊತೆ ಕಟ್ಟಿ ಅದೂ ಮೇಲೇರೋ ಹಂಗೆ ಮಾಡಿದಾಗ ಸುಮಾರು ಅರ್ಧಕ್ಕೆ ಇಳೀತು, ಆದ್ರೆ ಹಗ್ಗ ಎರಡರಷ್ಟು ಎಳೀಬೇಕಾಯ್ತು.

ತಿರುಪಿಗೆ ತ್ರಿಕೋನ ಪೇಪರ್ ಕತ್ತರಿಸಿ ಪೆನ್ಸಿಲ್‌ಗೆ ಸುತ್ತಿದ್ವಿ, ಇಳಿಜಾರೇ ಸುತ್ಕೊಂಡು ತಿರುಪಾಗುತ್ತೆ ಅಂತ ಕಣ್ಣಿಗೇ ಕಾಣ್ಸುತ್ತೆ. ಹಿಂದಿನ ಬೆಂಚಿಂದ ಒಬ್ಬ, "ಸಾರ್, ಹಂಗಾದ್ರೆ ಆಗುಂಬೆ ಘಾಟಿನೂ ತಿರುಪಾ?" ಅಂದ. ಗುಡ್ಡಾನ ಪೂರ್ತಿ ಸುತ್ತಲ್ಲ ಕಣೋ, ಒಂದೇ ಬದೀಲಿ ಮಡಚ್ಕೊಂಡು ಏರುತ್ತೆ, ಬರೀ ಇಳಿಜಾರು ಅಂದೆ. ಒಪ್ಪದೆ ಪೇಪರ್ ಮಡಚ್ತಾ ಕೂತ.