ಬೆಂಬಲ ಬೆಲೆಯ ಬೆನ್ನು ಹತ್ತಿ: ಹೆಸರುಕಾಳಿನ ಮೇಲೆ ನನ್ನ ಎಂ.ಎ. ಪ್ರಬಂಧ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುವಾಗ ನನಗೆ ತುಂಬಾ ಹಿಡಿಸಿದ್ದು ರಾಜಕೀಯ ಅರ್ಥಶಾಸ್ತ್ರ. ಒಂದು ನೀತಿಯಿಂದ ಯಾರಿಗೆ ಲಾಭ? ಖರ್ಚು ಯಾರ ತಲೆಗೆ? ತೀರ್ಮಾನ ಯಾರ ಕೈಯಲ್ಲಿ? ಈ ಪ್ರಶ್ನೆಗಳನ್ನು ನಮ್ಮ ಭಾಗದ ಒಂದು ನೀತಿಗೇ ಹಚ್ಚಿ ನೋಡಬೇಕು ಅನ್ನಿಸಿತು. ನವಲಗುಂದ, ರೋಣ, ಗದಗ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮುಂಗಾರಿಗೆ ಹೆಸರು ಬಿತ್ತುವವರು ಬಹಳ. ಹಾಗಾಗಿ ಪ್ರಬಂಧಕ್ಕೆ ಹೆಸರುಕಾಳಿನ ಬೆಂಬಲ ಬೆಲೆಯನ್ನೇ ಆರಿಸಿಕೊಂಡೆ.

2024ರ ಜೂನ್ 19ರಂದು ಕೇಂದ್ರ ಸಂಪುಟ ಹೆಸರಿಗೆ ಕ್ವಿಂಟಲ್‌ಗೆ 8,682 ರೂಪಾಯಿ ನಿಗದಿ ಮಾಡಿತು. ಲೆಕ್ಕ ಹಾಕಿದ ಖರ್ಚು 5,788 ರೂಪಾಯಿ, ಅದರ ಒಂದೂವರೆ ಪಟ್ಟು. ಈ ಖರ್ಚಿನಲ್ಲಿ ರೈತ ಕೈಯಿಂದ ಹಾಕಿದ ದುಡ್ಡು ಮತ್ತು ಮನೆಯವರ ದುಡಿಮೆ ಸೇರುತ್ತವೆ. ಸ್ವಂತ ಹೊಲದ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಸೇರುವುದಿಲ್ಲ. ಯಾವ ಖರ್ಚನ್ನು ಹಿಡಿಯಬೇಕು ಅನ್ನುವ ಜಗಳ ದೊಡ್ಡದು, ಅದರ ಬಗ್ಗೆ ಬರೆದವರೂ ಜಾಸ್ತಿ. ನಾನು ಅದನ್ನು ಎರಡು ಪುಟಕ್ಕೆ ಮುಗಿಸಿದೆ. ಘೋಷಿಸಿದ ಆ ಬೆಲೆಯಾದರೂ ಯಾರ ಕೈ ಸೇರುತ್ತದೆ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಮೊದಲು ಒಂದು ದೊಡ್ಡ ಹಾಳೆಯಲ್ಲಿ ಆ ಬೆಲೆ ನಡೆಯುವ ದಾರಿ ಬರೆದೆ. ದೆಹಲಿಯಲ್ಲಿ ಘೋಷಣೆ ಆಗುತ್ತದೆ. ಪೇಟೆ ದರ ಅದಕ್ಕಿಂತ ಕೆಳಗೆ ಬಿದ್ದರೆ ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು. ಕೇಂದ್ರ ಸರ್ಕಾರ ಇಷ್ಟು ಟನ್ ಅಂತ ಒಪ್ಪಿಗೆ ಕೊಡಬೇಕು. ಅದಕ್ಕೊಂದು ಮಿತಿಯೂ ಇರುತ್ತದೆ. ಆಮೇಲೆ ಕೇಂದ್ರದ ಪರವಾಗಿ ಖರೀದಿಸುವ ಸಹಕಾರಿ ಸಂಸ್ಥೆ ನಾಫೆಡ್, ರಾಜ್ಯದ ಮಾರಾಟ ಮಹಾಮಂಡಳ, ಕೊನೆಗೆ ಖರೀದಿ ಕೇಂದ್ರ ನಡೆಸುವ ಊರಿನ ಸೊಸೈಟಿ. ಪ್ರತಿ ಹೆಜ್ಜೆಯ ಮುಂದೆ ಮೂರು ಮಾತು ಬರೆದೆ: ಯಾರ ಸಹಿ, ಯಾವ ಕಾಗದ, ಯಾವ ತಾರೀಕು.

ಇದರ ಪಕ್ಕದಲ್ಲಿ ಪೇಟೆಯ ದರ ಇಟ್ಟೆ. ಕೃಷಿ ಮಾರಾಟವಾಹಿನಿ ಅನ್ನುವ ರಾಜ್ಯದ ಜಾಲತಾಣದಲ್ಲಿ ಹುಬ್ಬಳ್ಳಿ, ಗದಗ ಮಾರುಕಟ್ಟೆಗಳ ದಿನದ ದರ ಸಿಗುತ್ತದೆ. ಈ ಕೆಲಸ ಮಾಡುವವರು ಗರಿಷ್ಠ ದರ ಹಿಡಿಯಬೇಡಿ, ಮಾದರಿ ದರವನ್ನೇ ಹಿಡಿಯಿರಿ. ಗರಿಷ್ಠ ದರ ಒಂದೆರಡು ಒಳ್ಳೆಯ ಲಾಟಿಗೆ ಸಿಕ್ಕಿದ್ದಿರಬಹುದು. ಹೆಚ್ಚಿನ ಮಾಲು ಹೋದದ್ದು ಮಾದರಿ ದರದಲ್ಲಿ. ದರದ ಗೆರೆ ಎಳೆದು, ಅದರ ಮೇಲೆ ಆದೇಶಗಳ ತಾರೀಕು ಗುರುತಿಸಿದರೆ ಅರ್ಧ ಕಥೆ ಅಲ್ಲೇ ಕಾಣುತ್ತದೆ. ರಾಶಿ ಆಗುವುದು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ. ಮಾಲು ಪೇಟೆಗೆ ಒಮ್ಮೆಲೇ ನುಗ್ಗುತ್ತದೆ. ಖರೀದಿ ಕೇಂದ್ರ ಒಂದೆರಡು ವಾರ ತಡವಾದರೂ ಸಣ್ಣ ರೈತನ ಚೀಲ ಆಗಲೇ ದಲಾಲಿ ಅಂಗಡಿ ಸೇರಿರುತ್ತದೆ.

ಉಳಿದರ್ಧ ಕಥೆಗೆ ಜನರ ಹತ್ತಿರವೇ ಹೋಗಬೇಕು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಟೆಂಡರ್ ಗದ್ದಲ ಮುಗಿದ ಮೇಲೆ, ಮಧ್ಯಾಹ್ನ, ರೈತರು ಪಟ್ಟಿಗಾಗಿ, ಅಂದರೆ ಮಾರಾಟದ ಲೆಕ್ಕದ ಚೀಟಿಗಾಗಿ, ಕಾಯುತ್ತ ಕೂತಿರುತ್ತಾರೆ. ಮಾತಿಗೆ ಅದೇ ಒಳ್ಳೆಯ ಹೊತ್ತು. "ಯೋಜನೆಯಿಂದ ಅನುಕೂಲ ಆಯ್ತಾ?" ಅಂತ ನಾನು ಯಾರನ್ನೂ ಕೇಳಲಿಲ್ಲ. ಅದಕ್ಕೆ ಜನ ಸುಮ್ನೆ "ಹೂಂ" ಅಂದುಬಿಡುತ್ತಾರೆ. ಈ ಸಲದ ಹೆಸರು ಎಲ್ಲಿ ಕೊಟ್ಟಿರಿ, ಯಾವಾಗ, ಯಾಕೆ ಅಲ್ಲೇ ಅಂತ ಕೇಳುತ್ತಿದ್ದೆ. ತೋರಿಸಲು ಒಪ್ಪಿದವರ ಕೈಯಲ್ಲಿನ ಪಟ್ಟಿ ನೋಡಿ ದರ ಬರೆದುಕೊಳ್ಳುತ್ತಿದ್ದೆ.

ನವಲಗುಂದ ಕಡೆಯ ಒಬ್ಬ ಹಿರಿಯರಿಗೆ, "ಕಾಕಾ, ಕೇಂದ್ರ ತೆರೆಯೂತನಕಾ ತಡಿಬಹುದಿತ್ತಲ್ರಿ?" ಅಂದೆ.

"ಹಿಂಗಾರಿ ಬಿತ್ತಿಗೆ ಬೀಜ ಗೊಬ್ಬರ ತರಬೇಕಲ್ಲವಾ ತಂಗಿ? ಅಂಗಡಿಯವರು ರೊಕ್ಕ ಇವತ್ತ ಕೊಡ್ತಾರ. ಸೊಸೈಟಿಗೆ ಹಾಕಿದ್ರ ಅಕೌಂಟಿಗೆ ಯಾವಾಗ ಬೀಳತೈತೋ."

ಅವರು ಬಿತ್ತನೆಗೆ ಮುಂಗಡ ತಂದದ್ದೂ ಅದೇ ಅಂಗಡಿಯಿಂದ. ಅಲ್ಲಿಗೇ ಮಾಲು ಹಾಕಬೇಕು ಅಂತ ಎಲ್ಲೂ ಬರೆದಿಲ್ಲ. ಆದರೂ ಹಾಕಲೇಬೇಕು. ಇದರ ಮೇಲೆ ತೇವಾಂಶದ ಲೆಕ್ಕ. ಶೇಕಡಾ 12ಕ್ಕಿಂತ ಜಾಸ್ತಿ ಇದ್ದರೆ ಖರೀದಿ ಕೇಂದ್ರದಲ್ಲಿ ತಗೊಳ್ಳುವುದಿಲ್ಲ. ರಾಶಿ ಹೊತ್ತಿಗೆ ಮಳೆ ಹಿಡಿದರೆ, ಒಣಗಿಸಲು ಜಾಗ ಇರುವವರಿಗೆ ಮಾತ್ರ ಆ ಬಾಗಿಲು.

ನನ್ನ ಪ್ರಬಂಧದ ತಿರುಳು ಸಿಕ್ಕಿದ್ದು ಲಾವಣಿ ರೈತರಿಂದ, ಅಂದರೆ ಬೇರೆಯವರ ಹೊಲವನ್ನು ಗೇಣಿಗೆ ಮಾಡುವವರಿಂದ. ಖರೀದಿ ಕೇಂದ್ರದಲ್ಲಿ ಮಾರಲು ಫ್ರೂಟ್ಸ್ ಸಂಖ್ಯೆ, ಅಂದರೆ ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕು. ಅದು ಪಹಣಿಗೆ ಜೋಡಿಸಿರುತ್ತದೆ. ಲಾವಣಿ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಯಾಕೆ? 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಗೇಣಿದಾರರಿಗೆ ಭೂಮಿ ಕೊಟ್ಟ ದೊಡ್ಡ ಕಾನೂನು ಅದು, ನನಗೆ ಅದರ ಮೇಲೆ ಗೌರವವಿದೆ. ಆದರೆ ಆಮೇಲೂ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಈಗ ಬೆವರು ಒಬ್ಬರದು, ಕಾಗದ ಇನ್ನೊಬ್ಬರದು. ಹೊಲದ ಮಾಲೀಕರು ಮನಸ್ಸು ಮಾಡಿದರೆ ಮಾತ್ರ ಅವರ ಹೆಸರಲ್ಲಿ ಮಾಲು ಹೋಗುತ್ತದೆ. ದುಡ್ಡೂ ಅವರ ಖಾತೆಗೇ ಬರುತ್ತದೆ. ಐವತ್ತು ವರ್ಷದ ಹಿಂದಿನ ಕಾನೂನು ಇವತ್ತಿನ ಬೆಲೆಯ ದಾರಿಯಲ್ಲಿ ಎದುರಾದಾಗ, ಈ ವಿಷಯ ಯಾಕೆ ಓದಬೇಕು ಅನ್ನುವುದು ನನಗೆ ಪೂರ್ತಿ ಮನದಟ್ಟಾಯಿತು. ಆ ಅಧ್ಯಾಯವನ್ನೇ ಉದ್ದ ಮಾಡಿದೆ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ನೇರವಾಗಿ ಕೇಳಿದರು: "ಹಾಗಾದರೆ ಗೇಣಿ ಮತ್ತೆ ತರಬೇಕಾ?" ಬೇಡ ಅಂದೆ. ಒಂದು ಹಂಗಾಮಿಗೆ ಮಾತ್ರ ಬೆಳೆದವರ ಹೆಸರು ದಾಖಲಾಗಲಿ, ಅದರಿಂದ ಭೂಮಿಯ ಹಕ್ಕು ಹುಟ್ಟುವುದಿಲ್ಲ ಅಂತ ಕಾನೂನೇ ಹೇಳಲಿ, ಇಲ್ಲದಿದ್ದರೆ ಯಾವ ಮಾಲೀಕರೂ ಒಪ್ಪುವುದಿಲ್ಲ ಅಂದೆ. "ಮಾಲೀಕರು ಒಪ್ಪಿದರೂ ಬರೆಯುವವರು ಯಾರು?" ಅಂದರು. ಬೆಳೆ ಸಮೀಕ್ಷೆಗೆ ಹೇಗೂ ಪ್ರತಿ ಹೊಲಕ್ಕೆ ಜನ ಹೋಗುತ್ತಾರೆ, ಅದರಲ್ಲೇ ಒಂದು ಕಾಲಂ ಸೇರಿಸಬಹುದು ಅಂದೆ.