ತೂಗು ರಿಂಗ್ಸ್ ಮನೆಯಲ್ಲೇ ಕಟ್ಟುವುದು: ಹಗ್ಗ, ಗಂಟು, ಹಿಡಿ

ರಿಂಗ್ಸ್ ಎಂದರೆ ಎರಡು ಹಗ್ಗಕ್ಕೆ ಇಳಿಬಿಟ್ಟ, ಜೋತು ವ್ಯಾಯಾಮ ಮಾಡುವ ಜೋಡಿ ಹಿಡಿ. ಅದನ್ನು ಕಟ್ಟಿಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಭಾರ ತಡೆಯುವ ಹಗ್ಗ ತರಲಿ?’ ಎಂದು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ನಾನು ಕಂಡುಕೊಂಡದ್ದು ಇಷ್ಟು: ಹಗ್ಗ ನಡುವೆ ಹರಿಯುವುದು ಅಪರೂಪ. ಅದು ಕೈಕೊಡುವುದು ಗಂಟಿನಲ್ಲಿ, ಕೊಂಡಿಯ ಮೇಲೆ, ಹಿಡಿಯ ಅಂಚಿನಲ್ಲಿ.

ಅಂಗಡಿಯಲ್ಲಿ ‘ನೈಲಾನ್ ಹಗ್ಗ’ ಎಂದು ಕೇಳಿದರೆ ಎಷ್ಟೋ ಸಲ ಸಿಗುವುದು ನೀಲಿಯದೋ ಹಳದಿಯದೋ ಪಾಲಿಪ್ರೊಪಿಲೀನ್. ಒಂದು ಗೇಣು ತುಂಡನ್ನು ಬಕೆಟ್ ನೀರಿನಲ್ಲಿ ಅದ್ದಿ, ಹಿಂಡಿ ಗಾಳಿ ಬಿಡಿಸಿ. ಪಾಲಿಪ್ರೊಪಿಲೀನ್ ತೇಲುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ಪಾಲಿಪ್ರೊಪಿಲೀನ್ ನುಣುಪು, ಗಂಟು ಹಿಡಿದು ನಿಲ್ಲುವುದಿಲ್ಲ. ಬಿಸಿಲಿಗೆ ಬಿಟ್ಟರೆ ಎಳೆಗಳು ಪುಡಿಯೆದ್ದು ಅಂಗೈಗೆ ಚುಚ್ಚುತ್ತವೆ. ನೈಲಾನ್ ಗಟ್ಟಿ, ಆದರೆ ಹಿಗ್ಗುತ್ತದೆ. ಉಯ್ಯಾಲೆಗೆ ಅದು ಒಳ್ಳೆಯ ಗುಣ, ಡಿಪ್ಸ್‌ಗೆ (ಹಿಡಿ ಒತ್ತಿ ತೋಳಬಲದಲ್ಲೇ ಮೈಯನ್ನು ಏರಿಸಿ ಇಳಿಸುವುದಕ್ಕೆ) ಅಲ್ಲ: ದೇಹ ಮೇಲೆ ಕೆಳಗೆ ಪುಟಿಯುತ್ತದೆ, ಎರಡು ಹಗ್ಗ ಎರಡು ಅಳತೆಗೆ ಬರುತ್ತವೆ. ಅದಕ್ಕೇ ನನ್ನ ಆಯ್ಕೆ ಪಾಲಿಯೆಸ್ಟರ್. ಹಿಗ್ಗು ಕಡಿಮೆ, ಬಿಸಿಲು ತಾಳುತ್ತದೆ, ನೆನೆದರೂ ಬಲ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ತೆಂಗಿನ ನಾರಿನದು, ಸೆಣಬಿನದು ಬೇಡ. ಮಳೆಗಾಲದಲ್ಲಿ ಒಳಗಿನಿಂದ ಕೊಳೆಯುತ್ತವೆ, ಹೊರಗೆ ಗೊತ್ತೇ ಆಗುವುದಿಲ್ಲ. ಹತ್ತಿ ಹಗ್ಗ ಕೈಗೆ ಹಿತ, ಮಲ್ಲಕಂಬದವರು ಬಳಸುವುದೂ ಅದನ್ನೇ; ಒಣಗಿದ ಒಳಾಂಗಣವಿದ್ದರೆ ಮಾತ್ರ.

ದಪ್ಪದ ಲೆಕ್ಕ ಹೀಗೆ. ತೂಕ 80 ಕಿಲೋ ಎಂದುಕೊಳ್ಳಿ. ಸುಮ್ಮನೆ ಜೋತರೆ ಒಂದೊಂದು ಹಗ್ಗಕ್ಕೆ 40 ಕಿಲೋ. ಆದರೆ 60 ಡಿಗ್ರಿಯಷ್ಟು ಮೇಲಿನಿಂದ ತೂಗಿ ಬಂದರೆ, ಕೆಳಗಿನ ಬಿಂದು ದಾಟುವಾಗ ಎಳೆತ ತೂಕದ ಎರಡರಷ್ಟು, 160 ಕಿಲೋ. ಒಂದು ಕೈ ಜಾರಿದರೆ ಅಷ್ಟೂ ಒಂದೇ ಹಗ್ಗದ ಪಾಲು. ಗಂಟು ಹಗ್ಗದ ಅರ್ಧ ಬಲ ತಿನ್ನುತ್ತದೆ ಎಂದಿಟ್ಟುಕೊಂಡು, ಸವೆತಕ್ಕೂ ಜಗ್ಗುವಿಕೆಗೂ ಐದು ಪಟ್ಟು ಸೇರಿಸಿದರೆ 160 × 5 × 2 = 1,600 ಕಿಲೋ. ಒಳ್ಳೆಯ 12 ಮಿಮೀ ಪಾಲಿಯೆಸ್ಟರ್ ಹಗ್ಗ ಹೊಸದರಲ್ಲಿ ಎರಡು ಟನ್ನಿನ ಆಸುಪಾಸು ತಡೆಯುತ್ತದೆ. ಸುರುಳಿಯ ಲೇಬಲ್ ನೋಡಿ ಖಾತರಿ ಮಾಡಿಕೊಳ್ಳಿ. ಲೇಬಲ್ ಇಲ್ಲದ ಹಗ್ಗವನ್ನು ಮೈಭಾರಕ್ಕೆ ನಾನು ಕೊಳ್ಳುವುದಿಲ್ಲ.

ಗಂಟು ಒಂದೇ ಸಾಕು: ಎಂಟರ ಗಂಟು. ಮೇಲ್ತುದಿಯಲ್ಲಿ ಹಗ್ಗವನ್ನು ಮಡಚಿ ಜೋಡಿ ಎಳೆ ಮಾಡಿ, ಆ ಜೋಡಿಯಿಂದಲೇ ಇಂಗ್ಲಿಷಿನ 8ರ ಆಕಾರ ಕಟ್ಟಿ, ಕುಣಿಕೆ ಹೊರಗುಳಿಯುವಂತೆ ಎಳೆಯಿರಿ. ಎಳೆಗಳು ಅಕ್ಕಪಕ್ಕ ಸಾಗಬೇಕು, ಎಲ್ಲಿಯೂ ಒಂದರ ಮೇಲೊಂದು ಹತ್ತಬಾರದು. ಬಾಲ 15 ಸೆಂಮೀ ಉಳಿಯಲಿ. ಬೋಲೈನ್ ಗಂಟು ಬಿಚ್ಚಲು ಸುಲಭವೆಂದು ಹಲವರು ಅದನ್ನೇ ಹಾಕುತ್ತಾರೆ. ಭಾರ ಬಿದ್ದು, ಬಿಟ್ಟು, ಮತ್ತೆ ಬೀಳುವ ಇಂಥ ಕೆಲಸದಲ್ಲಿ ಬಿರುಸು ಹಗ್ಗದಲ್ಲಿ ಅದು ತಾನಾಗಿ ಸಡಿಲಾಗುತ್ತದೆ. ಎರಡು ತುಂಡು ಸೇರಿಸಿ ಉದ್ದ ಮಾಡುವುದು ಬೇಡವೇ ಬೇಡ. ತುದಿಗಳನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ, ಇಲ್ಲದಿದ್ದರೆ ಹುರಿ ಬಿಚ್ಚಿಕೊಳ್ಳುತ್ತದೆ.

ಎತ್ತರ ಬದಲಿಸಲು ಗಂಟನ್ನು ನಂಬಬೇಡಿ. ಕೊಂಡಿಯಿಂದ 8 ಮಿಮೀ ಕಬ್ಬಿಣದ ಸರಪಳಿ ಇಳಿಬಿಟ್ಟು, ಹಗ್ಗದ ಕುಣಿಕೆಯನ್ನು ಡಿ ಶ್ಯಾಕಲ್‌ನಿಂದ (ಬಾಯಿಗೆ ಅಡ್ಡ ಪಿನ್ನು ಹಾಕಿ ಮುಚ್ಚುವ, D ಆಕಾರದ ಲೋಹದ ಬಳೆ) ಸರಪಳಿಯ ಬೇಕಾದ ಬಳೆಗೆ ಸಿಕ್ಕಿಸಿ. ಕೊಂಡಿಯ ಮೇಲೆ ಉಜ್ಜುವುದು ಆಗ ಕಬ್ಬಿಣವೇ ಹೊರತು ಹಗ್ಗವಲ್ಲ. ಕುಣಿಕೆಯೊಳಗೆ ಉಕ್ಕಿನ ಥಿಂಬಲ್ (ಹಗ್ಗ ಕೂರುವ ತೋಡಿರುವ ಬಳೆ) ಇಟ್ಟರೆ ಇನ್ನೂ ಒಳ್ಳೆಯದು. ಬಾಯಿ ತೆರೆದ ಎಸ್ ಕೊಕ್ಕೆಗಳು ಜಗ್ಗಿದಂತೆ ಬಿಚ್ಚಿಕೊಳ್ಳುತ್ತವೆ.

ಹಿಡಿಗೆ ನಾನು ಬಳಸುವುದು ಒಂದಿಂಚಿನ ಸಿಪಿವಿಸಿ ಪೈಪು, ಅಂದರೆ ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪು. ಹೊರವ್ಯಾಸ 28.6 ಮಿಮೀ, ಸ್ಪರ್ಧೆಯ ರಿಂಗಿನ ದಪ್ಪ 28 ಮಿಮೀ, ಆದ್ದರಿಂದ ಹೆಚ್ಚಿನ ಕೈಗಳಿಗೆ ಹೊಂದುತ್ತದೆ. ತಣ್ಣೀರಿನ ಬಿಳಿ ಯುಪಿವಿಸಿ ಪೈಪಿನಲ್ಲಿ ಒಂದಿಂಚು ಎಂದರೆ 33.4 ಮಿಮೀ, ದೊಡ್ಡ ಕೈಯವರಿಗೆ. 14 ಸೆಂಮೀ ಉದ್ದ ಕತ್ತರಿಸಿ. ಇನ್ನು ಮುಖ್ಯ ಕೆಲಸ: ಎರಡೂ ಬಾಯಿಯ ಒಳ ಅಂಚನ್ನು ಅರದಿಂದ ಗುಂಡಗೆ ಉಜ್ಜಿ, ಸ್ಯಾಂಡ್‌ಪೇಪರ್ ಹಾಕಿ, ಬೆರಳಾಡಿಸಿದರೆ ಎಲ್ಲಿಯೂ ತಡೆಯದಂತೆ ಮಾಡಿ. ಹ್ಯಾಕ್ಸಾ ಬಿಟ್ಟ ಅಂಚು ಹಗ್ಗಕ್ಕೆ ಗರಗಸವೇ. ಹಗ್ಗದ ಕೆಳತುದಿಯಿಂದ 120 ಸೆಂಮೀ ಮೇಲೆ ಒಂಟಿ ಎಳೆಯ ಎಂಟರ ಗಂಟು ಹಾಕಿ, ತುದಿಯನ್ನು ಪೈಪಿನಲ್ಲಿ ತೂರಿಸಿ, ಮೇಲೆ ತಂದು ಅದೇ ಎಂಟರ ಜಾಡಿನಲ್ಲಿ ಹಿಂದಕ್ಕೆ ನಡೆಸಿ ಬಿಗಿಯಿರಿ. ಗಂಟು ಹಿಡಿಯಿಂದ 25 ಸೆಂಮೀ ಮೇಲಿರಲಿ. ಗಂಟಿನಿಂದ ಹಿಡಿಯವರೆಗಿನ ಹಗ್ಗದ ತ್ರಿಕೋನ ಗಿಡ್ಡವಾದರೆ ಹಗ್ಗ ಮಣಿಕಟ್ಟು ಒತ್ತುತ್ತದೆ, ಪೈಪಿನ ಬಾಯಿಯಲ್ಲಿ ಹೆಚ್ಚು ಬಾಗಿ ಬೇಗ ಸವೆಯುತ್ತದೆ. ಈ ಕಟ್ಟಿನ ದೊಡ್ಡ ಲಾಭವೆಂದರೆ ಪೈಪು ಸೀಳಿದರೂ ಒಳಗಿನ ಹಗ್ಗ ಕೈಯಲ್ಲೇ ಇರುತ್ತದೆ. ಎರಡು ತುದಿಗೆ ತೂತು ಕೊರೆದ ಮರದ ಹಿಡಿ ತೂತಿನಲ್ಲೇ ಸೀಳಿದರೆ ಆಸರೆಯೇ ಇಲ್ಲ. ಮರದ ಉಂಗುರ ಬೇಕಿದ್ದರೆ ಪದರ ಅಂಟಿಸಿದ್ದನ್ನು ಕೊಳ್ಳಿ; ಒಂದೇ ಹಲಗೆಯಿಂದ ಕೊರೆದದ್ದು ಎಳೆಗೆ ಅಡ್ಡ ಬರುವ ಕಡೆ ಮುರಿಯುತ್ತದೆ. ಬೆವರಿಗೆ ಪೈಪು ಜಾರುತ್ತದೆ, ಹತ್ತಿಯ ಟೇಪು ಸುತ್ತಿ. ಸೈಕಲ್ ಟ್ಯೂಬು ಸುತ್ತಿದರೆ ಸ್ವಲ್ಪ ದಿನಕ್ಕೇ ಅಂಟಂಟಾಗುತ್ತದೆ.

ಎರಡು ಹಗ್ಗದ ನಡುವೆ ಮೇಲೆ 50 ಸೆಂಮೀ. ಫ್ಯಾನಿನ ಕೊಂಡಿಗೆ ಕಟ್ಟಬೇಡಿ, ತೂಗಾಟದ ಅಡ್ಡ ಎಳೆತಕ್ಕೆ ಅದನ್ನು ಹಾಕಿರುವುದಿಲ್ಲ. ಉಯ್ಯಾಲೆಗೆಂದೇ ಸ್ಲ್ಯಾಬಿನ ಕಂಬಿಗೆ ಬಿಗಿದು ಕಾಂಕ್ರೀಟ್ ಹಾಕಿದ ಕೊಂಡಿ ಸರಿ. ಮರವಾದರೆ ಮಾವು, ಹುಣಸೆ, ಹಲಸಿನ ತೊಡೆಗಾತ್ರದ ಹಸಿ ಕೊಂಬೆ, ಗೋಣಿ ತಟ್ಟು ಸುತ್ತಿ. ನುಗ್ಗೆ ಎಷ್ಟೇ ದಪ್ಪವಿದ್ದರೂ ಪಟ್ಟನೆ ಮುರಿಯುತ್ತದೆ.

ಹತ್ತುವ ಮೊದಲು ಒಂದೊಂದು ಹಗ್ಗಕ್ಕೆ ಎರಡೆರಡು ಮರಳು ಚೀಲ, ತಲಾ 50 ಕಿಲೋ, ನೆಲದಿಂದ ನಾಲ್ಕು ಬೆರಳು ಮೇಲೆ ತೂಗಿ ರಾತ್ರಿಯಿಡೀ ಬಿಡಿ. ಗಂಟು ಕೂರುತ್ತದೆ, ಹಗ್ಗ ಹಿಗ್ಗುವಷ್ಟು ಹಿಗ್ಗುತ್ತದೆ. ಬೆಳಿಗ್ಗೆ ಬಾಲ 15 ಸೆಂಮೀಗಿಂತ ಕಡಿಮೆಯಾಗಿದ್ದರೆ ಮತ್ತೆ ಕಟ್ಟಿ. ಆಮೇಲೆ ತಿಂಗಳಿಗೊಮ್ಮೆ ಪೈಪನ್ನು ಪಕ್ಕಕ್ಕೆ ಸರಿಸಿ ಅಂಚು ತಾಗುವ ಜಾಗ ನೋಡಿ. ಎಳೆಗಳು ಗಾಜಿನಂತೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಉಜ್ಜಿ ಕರಗಿವೆ ಎಂದರ್ಥ. ಆ ಹಗ್ಗ ಇನ್ನು ಬಟ್ಟೆ ಒಣಹಾಕಲು.